ದೀಪಾವಳಿವರೆಗೆ ತಡೆದ ಮಾತ್ರೆ

ನಾನು ನಿಂತಿದ್ದದ್ದು ದೈವದ ಗುಡಿಯ ಮೂರು ಮೆಟ್ಟಿಲುಗಳಲ್ಲಿ ಕೆಳಗಿನದರ ಬಲತುದಿಯಲ್ಲಿ. ನನ್ನ ಎಡ ಮೊಣಕೈಗೆ ತಂಗಿಯ ಹೆಗಲು ತಾಗುತ್ತಿತ್ತು. ಬೆಳಗ್ಗೆ ಹತ್ತೂಕಾಲು ಗಂಟೆ. ಪತ್ತನಾಜೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಪತ್ತನಾಜೆ ಎಂದರೆ ನಮ್ಮ ಕಡೆ ಆ ವರ್ಷದ ದೈವಕಾರ್ಯಗಳು ಮುಗಿಯುವ ದಿನ. ಆಮೇಲೆ ಮಳೆಗಾಲವಿಡೀ ಏನೂ ಇಲ್ಲ, ಮತ್ತೆ ಶುರುವಾಗುವುದು ದೀಪಾವಳಿಗೆ. ಹಾಗಾಗಿ ಆ ವಾರ ಎಲ್ಲ ಮನೆಗಳಲ್ಲೂ ಅವಸರ. ಅರಂತೋಡಿನ ಮುಖ್ಯರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ನನ್ನ ತಂಗಿಯ ಗಂಡನ ಕುಟುಂಬದ ಆ ಗುಡಿಯ ಎದುರು, ವರ್ಷಕ್ಕೊಮ್ಮೆ ಸಲ್ಲಿಸುವ ತಂಬಿಲ ಸೇವೆಗೆ ನಲವತ್ತರಷ್ಟು ಜನ ಸೇರಿದ್ದರು.

ನಾನು ಸುಳ್ಯದಲ್ಲಿ ಜಮೀನು ಅಳೆಯುವವನು. ಎಲ್ಲಿ ನಿಂತು ನೋಡಿದೆ ಎಂದು ಮೊದಲು ಬರೆಯದೆ ಏನು ಕಂಡೆ ಎಂದು ಬರೆದರೆ ನಮ್ಮ ಕೆಲಸದಲ್ಲಿ ಅದಕ್ಕೆ ಬೆಲೆ ಇಲ್ಲ. ಅದಕ್ಕೆ ಇಷ್ಟು ಬರೆದೆ.

ಮೇಲಿನ ಮೆಟ್ಟಿಲಲ್ಲಿ ನನ್ನ ಭಾವ, ಎಂದರೆ ತಂಗಿಯ ಗಂಡ, ಶರ್ಟು ಕಳಚಿ ಮುಂಡು ಉಟ್ಟು ನಿಂತಿದ್ದರು. ಅವರ ಪಕ್ಕದಲ್ಲಿ ಅವರ ದೊಡ್ಡಪ್ಪ, ಕುಟುಂಬದ ಯಜಮಾನರು. ದೊಡ್ಡಪ್ಪ ಕಣ್ಣು ಮುಚ್ಚಿ ದೀರ್ಘವಾಗಿ ಪ್ರಾರ್ಥಿಸಿದರು. ಆಮೇಲೆ ದೈವದ ಪ್ರಸಾದವಾದ ಗಂಧದ ಎಲೆಯನ್ನು ಭಾವನ ಅಂಗೈಯಲ್ಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಹೇಳು ಮಗ. ಇವತ್ತಿನಿಂದ ಆ ನಶೆಯ ಮಾತ್ರೆ ಮುಟ್ಟುದಿಲ್ಲ.”

“ಇವತ್ತಿನಿಂದ ಆ ನಶೆಯ ಮಾತ್ರೆ ಮುಟ್ಟುದಿಲ್ಲ.”

“ಅದನ್ನು ಬಿಡಿಸ್ಲಿಕ್ಕೆ ಅಂತ ಡಾಕ್ಟ್ರು ಕೊಡುವ ಮಾತ್ರೆಯನ್ನೂ ಮುಟ್ಟುದಿಲ್ಲ.”

ಭಾವ ಕತ್ತು ತಿರುಗಿಸಿ ತಂಗಿಯನ್ನು ನೋಡಿದರು. ತಂಗಿ ನನ್ನನ್ನು ನೋಡಿದಳು. ನಾನು ಮೆಟ್ಟಿಲಿನ ಕಲ್ಲು ನೋಡಿದೆ.

“ಹೇಳು ಮಾರಾಯ, ಎಂತ ಹೆದರಿಕೆ? ದೈವ ಇಲ್ವಾ ಎದುರು?”

ಭಾವ ಹೇಳಿದರು. ನನ್ನ ಹಿಂದೆ ಯಾರೋ ಮೆಚ್ಚುಗೆಯಿಂದ, “ಬುಡ ಸಮೇತ ಕಿತ್ತ್ರು ನೋಡಿ ಯಜಮಾನ್ರು” ಎಂದರು. ಆಮೇಲೆ ಊಟಕ್ಕೆ ಎಲೆ ಹಾಕಿದರು. ಪಾಯಸ ಎರಡು ಸಲ ಬಡಿಸಿದರು. ಒಬ್ಬ ಮನುಷ್ಯನ ಮದ್ದನ್ನು ಅವನ ಬಾಯಿಂದ ಕಿತ್ತುಕೊಂಡ ಸಂಭ್ರಮಕ್ಕೆ ಎರಡು ಸಲ ಪಾಯಸ ಸಾಲದು ಎಂದು ಈಗ ಅನಿಸುತ್ತದೆ. ಆಗ ನಾನೂ ಎರಡು ಸಲ ಹಾಕಿಸಿಕೊಂಡೆ.

ಇದಕ್ಕೆ ಮೊದಲು ನಡೆದದ್ದನ್ನು ಹೇಳಬೇಕು.

ಭಾವನಿಗೆ ಒಂದು ಪಿಕಪ್ ಉಂಟು. ಕಲ್ಲುಗುಂಡಿ, ಸಂಪಾಜೆ ಕಡೆಯ ತೋಟಗಳಿಂದ ರಬ್ಬರ್ ಶೀಟ್ ತುಂಬಿಸಿ ಸುಳ್ಯದ ವ್ಯಾಪಾರಿಗಳಿಗೆ ತಲುಪಿಸುವುದು ಅವರ ಕೆಲಸ. ಆ ತಂಬಿಲಕ್ಕೆ ಎರಡು ವರ್ಷ ಮೊದಲು ರಬ್ಬರ್ ಹಾಲಿನ ಬ್ಯಾರಲ್ ಇಳಿಸುವಾಗ ಕಾಲು ಜಾರಿ, ಬ್ಯಾರಲ್ಲಿನ ಭಾರವೆಲ್ಲ ಸೊಂಟದ ಮೇಲೆ ಬಂತು. ಡಿಸ್ಕ್ ಎಂದರು. ಹತ್ತು ದಿನಕ್ಕೆ ಟ್ರಮಡಾಲ್ ಎಂಬ ನೋವಿನ ಮಾತ್ರೆ ಬರೆದುಕೊಟ್ಟರು. ಬರೆದುಕೊಟ್ಟವರು ಹತ್ತು ದಿನಕ್ಕೇ ಬರೆದಿದ್ದರು, ಆ ಚೀಟಿ ನಾನು ನೋಡಿದ್ದೇನೆ. ಹನ್ನೊಂದನೆಯ ದಿನ ಭಾವ ಅದೇ ಚೀಟಿ ಹಿಡಿದುಕೊಂಡು ಮತ್ತೆ ಮೆಡಿಕಲ್‌ಗೆ ಹೋದರು. ಮೊದಮೊದಲು ನೋವಿಗೆ ತೆಗೆದುಕೊಂಡರು. ಆಮೇಲೆ ಗಾಡಿ ಓಡಿಸಲು ಹುರುಪು ಬರುತ್ತದೆ ಎಂದು ತೆಗೆದುಕೊಂಡರು. ವರ್ಷ ತುಂಬುವಾಗ ಬೆಳಗ್ಗೆ ಹಾಸಿಗೆಯಿಂದ ಏಳುವುದಕ್ಕೇ ಅದು ಬೇಕಾಗಿತ್ತು. ತಡವಾದರೆ ಬೆವರು, ಒಂದರ ಹಿಂದೆ ಒಂದು ಆಕಳಿಕೆ, ಮೂಗು ಸೋರುವುದು, ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದ ಚಡಪಡಿಕೆ. ತಂಗಿ ಅದನ್ನು ಶೀತ ಎಂದುಕೊಂಡು ಕಾಳುಮೆಣಸಿನ ಕಷಾಯ ಮಾಡಿಕೊಟ್ಟಳು. ಆರು ತಿಂಗಳು ಕೊಟ್ಟಳು.

ನನಗೆ ವಿಷಯ ಹೇಳಿದ್ದು ಸುಳ್ಯದ ಒಂದು ಮೆಡಿಕಲ್ ಅಂಗಡಿಯ ಸಾಹೇಬರು. ಅವರ ತಂದೆಯ ಕಾಲದಿಂದಲೂ ಅದೇ ಕಟ್ಟಡದಲ್ಲಿ ವ್ಯಾಪಾರ. ಜ್ವರದ ಮಾತ್ರೆ ತರಲು ಹೋದಾಗ ಅವರು ನನ್ನನ್ನು ಕೌಂಟರಿನ ಒಳಗೆ ಕರೆದು ಸ್ಟೂಲು ಕೊಟ್ಟರು.

“ಸರ್ವೆಯರ್ರೇ, ಒಂದು ಮಾತು. ನಿಮ್ಮ ಭಾವನ ಬೆನ್ನು ಇಷ್ಟೆಲ್ಲ ನೋಯ್ಲಿಕ್ಕೆ ಸಾಧ್ಯ ಇಲ್ಲ. ನಾನು ಕೊಡುದು ನಿಲ್ಲಿಸಿ ಮೂರು ತಿಂಗಳಾಯ್ತು. ಈಗ ಅವರು ಚೀಟಿ ಕೇಳದವರನ್ನು ಹುಡುಕಿಕೊಂಡು ಪುತ್ತೂರಿಗೆ ಹೋಗ್ತಾರೆ.”

“ನೀವು ಮೊದ್ಲೇ ಹೇಳ್ಬೇಕಿತ್ತಲ್ಲ ಸಾಹೇಬ್ರೇ?”

“ಹೌದು, ಹೇಳ್ಬೇಕಿತ್ತು. ಮೊದಲು ನಾನೇ ಎಂಟು ತಿಂಗಳು ಕೊಟ್ಟಿದ್ದೇನಲ್ಲ, ಯಾವ ಮುಖ ಇಟ್ಟುಕೊಂಡು ಹೇಳುದು?”

ಈ ಇಡೀ ವ್ಯವಹಾರದಲ್ಲಿ ತನ್ನ ತಪ್ಪನ್ನು ತಾನಾಗಿ ಬಾಯಿಬಿಟ್ಟು ಹೇಳಿದ ಮೊದಲ ಮನುಷ್ಯ ಅವರು. ಕೊನೆಯವರೂ ಅವರೇ ಇರಬಹುದು.

ವಿಷಯ ಹೊರಗೆ ಬಿದ್ದ ಮೇಲೆ ನೆಂಟರೆಲ್ಲ ವೈದ್ಯರಾದರು. ಒಬ್ಬರು ಬೆಳಗ್ಗೆ ತಣ್ಣೀರು ಸ್ನಾನ ಎಂದರು. ಒಬ್ಬರು, ಗಾಡಿಯ ಕೀ ಕಿತ್ತುಕೊಂಡು ಒಂದು ತಿಂಗಳು ಕೋಣೆಯಲ್ಲಿ ಕೂಡಿ ಹಾಕಿ ಎಂದರು. ಅವರು ತಮ್ಮ ಸಕ್ಕರೆ ಕಾಯಿಲೆಯ ಮಧ್ಯೆ ಹೋಳಿಗೆ ಬಿಡಲಾಗದವರು. ಕಡಬದ ಹತ್ತಿರ ಒಬ್ಬರು ಬೂದು ಬಣ್ಣದ ಪುಡಿ ಕೊಡುತ್ತಾರೆ, ಮೂರು ಹುಣ್ಣಿಮೆಯಲ್ಲಿ ಯಾವ ಚಟವಾದರೂ ಹೋಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಹೋದೆವು. ಆ ಪುಣ್ಯಾತ್ಮರು ರೋಗಿಯ ಮುಖ ಕೂಡ ನೋಡದೆ ಪುಡಿ ಕಟ್ಟಿದರು. ಪುಡಿಯಲ್ಲಿ ಏನುಂಟು ಎಂದು ಕೇಳಿದ್ದಕ್ಕೆ, ಹೇಳಿದರೆ ಗುಣ ಹೋಗುತ್ತದೆ ಎಂದರು. ಮದ್ಯ ಬಿಡಿಸುವ ಶಿಬಿರವೊಂದರವರನ್ನೂ ಕೇಳಿದೆವು. ಅವರು ಪ್ರಾಮಾಣಿಕರು. “ಇದು ನಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ, ಇದಕ್ಕೆ ಮನೋವೈದ್ಯರೇ ಬೇಕು” ಎಂದು ವಾಪಸು ಕಳಿಸಿದರು.

ಮೆಡಿಕಲ್ ಸಾಹೇಬರೇ ವಿಚಾರಿಸಿ ಮಂಗಳೂರಿನ ಒಬ್ಬ ಮನೋವೈದ್ಯೆಯ ಬಳಿಗೆ ಕಳಿಸಿಕೊಟ್ಟರು. ನಾನೂ ತಂಗಿಯೂ ಜೊತೆಗೆ ಹೋದೆವು. ಭಾವ ಕುರ್ಚಿಯ ತುದಿಯಲ್ಲಿ ಕುಳಿತು, ಬೈಸಿಕೊಳ್ಳಲು ತಯಾರಾದವರ ಹಾಗೆ ತಲೆ ತಗ್ಗಿಸಿದ್ದರು. ಡಾಕ್ಟರು ಬೈಯಲಿಲ್ಲ. ದಿನಕ್ಕೆ ಎಷ್ಟು, ಕೊನೆಯದು ಯಾವಾಗ, ನಿದ್ದೆ ಹೇಗೆ, ಬೆನ್ನು ನಿಜವಾಗಿ ಈಗಲೂ ನೋಯುತ್ತದಾ ಎಂದು ಕೇಳಿದರು. ಈ ಕೊನೆಯ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಭಾವ ಅಲ್ಲಿ ಅತ್ತರು.

ಅವರು ಕೊಟ್ಟದ್ದು ನಾಲಗೆಯ ಅಡಿಯಲ್ಲಿಟ್ಟು ಕರಗಿಸುವ ಮಾತ್ರೆ. ಹೆಸರು ಬ್ಯುಪ್ರೆನಾರ್ಫಿನ್. ದೇಹ ಕೇಳುವುದನ್ನು ಅದು ಹದವಾಗಿ ಕೊಡುತ್ತದೆ, ಆದರೆ ಅಮಲಿಗೆ ಏರಿಸುವುದಿಲ್ಲ. ಚಡಪಡಿಕೆ ನಿಲ್ಲುತ್ತದೆ, ಮನುಷ್ಯ ಕೆಲಸಕ್ಕೆ ಹೋಗಬಹುದು ಎಂದು ವಿವರಿಸಿದರು. ವಾರಕ್ಕೊಮ್ಮೆ ಬರಬೇಕು. ಮಾತ್ರೆ ಹೆಂಡತಿಯ ಕೈಯಲ್ಲಿರಬೇಕು, ಅವಳ ಕಣ್ಣೆದುರೇ ಕರಗಬೇಕು. ಬೆನ್ನಿಗೆ ಫಿಸಿಯೋಥೆರಪಿ ಬೇರೆ. ವಾರಕ್ಕೊಂದು ಸಲ ಆಪ್ತಸಮಾಲೋಚಕರ ಜೊತೆ ಒಂದು ಗಂಟೆ ಮಾತು. ಮನೆಯವರಿಗೂ ತಿಂಗಳಿಗೊಮ್ಮೆ ಒಂದು ಕೂಟ ಇತ್ತು. ತಂಗಿ ಅದಕ್ಕೆ ಹೋಗಿ ಬಂದು, “ಅಣ್ಣ, ಅಲ್ಲಿ ನನಗಿಂತ ದೊಡ್ಡ ದೊಡ್ಡ ಮನೆಯವರೆಲ್ಲ ಇದ್ರು” ಎಂದಳು. ಆ ವರ್ಷ ಅವಳು ನಕ್ಕದ್ದನ್ನು ನಾನು ಕಂಡದ್ದು ಆವತ್ತು ಒಂದೇ ಸಲ.

“ಎಷ್ಟು ದಿನ ತೆಗೊಳ್ಬೇಕು ಮೇಡಂ?” ಎಂದು ನಾನು ಕೇಳಿದೆ.

“ವರ್ಷ ಆಗ್ಬಹುದು, ಹೆಚ್ಚೂ ಆಗ್ಬಹುದು. ಕಾಲು ಮುರಿದವರ ಪ್ಲಾಸ್ಟರ್ ಯಾವಾಗ ತೆಗೀಬೇಕು ಅಂತ ಎಲುಬು ನೋಡಿ ಹೇಳ್ತಾರೆ. ನೆಂಟರನ್ನು ಕೇಳಿ ಹೇಳುದಿಲ್ಲ.”

ಏಳು ವಾರ ಎಲ್ಲವೂ ಸರಿಯಾಗಿತ್ತು. ತಂಗಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಬೆಳಗ್ಗೆ ಎಂಟಕ್ಕೆ ಹೊರಡುವ ಮೊದಲು ಮಾತ್ರೆ ಕೊಡುವಳು. ಅದು ಕರಗುವವರೆಗೆ ಭಾವ ಬಾಯಿ ಮುಚ್ಚಿ ಜಗಲಿಯಲ್ಲಿ ಕೂರುವರು. ಮಾತಾಡುವ ಹಾಗಿಲ್ಲ, ಉಗುಳು ನುಂಗುವ ಹಾಗಿಲ್ಲ. ಮತ್ತೆ ಎದ್ದು ಗಾಡಿ ತೊಳೆದು ಕಲ್ಲುಗುಂಡಿಗೆ ಹೋಗುವರು. ಮಗಳನ್ನು ಶಾಲೆಗೆ ಬಿಡುವ ಕೆಲಸವನ್ನೂ ಮತ್ತೆ ವಹಿಸಿಕೊಂಡರು.

ಎಲ್ಲ ಕೆಟ್ಟದ್ದು ಒಂದು ಗೃಹಪ್ರವೇಶದಲ್ಲಿ. ಬೇಗ ಹೊರಟದ್ದರಿಂದ ತಂಗಿ ಮಾತ್ರೆಯನ್ನು ದಾರಿಯಲ್ಲೇ ಕೊಟ್ಟಿದ್ದಳು. ಇಳಿಯುವಾಗಲೇ ದೊಡ್ಡಪ್ಪ ಎದುರಾದರು. “ಓ, ಎಂತ ಮಗ, ಹೇಗುಂಟು ಈಗ?” ಎಂದರು. ಭಾವ ಬಾಯಿ ಬಿಡುವ ಹಾಗಿರಲಿಲ್ಲ, ಕೈ ಮುಗಿದು ತಲೆ ಆಡಿಸಿದರು. ದೊಡ್ಡಪ್ಪ ಮತ್ತೆ ಕೇಳಿದರು. ಮತ್ತೆ ತಲೆ ಆಡಿಸಿದರು. ನಾಲ್ಕು ಜನರ ಎದುರು ಯಜಮಾನರ ಮಾತಿಗೆ ಉತ್ತರ ಇಲ್ಲ! ಅವರ ಮುಖ ಕೆಂಪಾಯಿತು. ತಂಗಿ ಗಾಬರಿಯಿಂದ, “ಬಾಯಲ್ಲಿ ಮದ್ದು ಉಂಟು ದೊಡ್ಡಪ್ಪ, ಕರಗ್ಲಿಕ್ಕೆ ಬಿಡ್ಬೇಕು” ಎಂದಳು. ಯಾವ ಮದ್ದು ಎಂದು ಅವರು ಕೇಳಿದರು. ಅವಳು ಸುಳ್ಳು ಹೇಳುವವಳಲ್ಲ.

“ಅಂದ್ರೆ ಆ ಮಾತ್ರೆ ಬಿಟ್ಟು ಈ ಮಾತ್ರೆ! ಒಂದು ಹೆಂಡದಂಗಡಿ ಮುಚ್ಚಿ ಇನ್ನೊಂದು ತೆರೆದ ಹಾಗಾಯ್ತಲ್ಲ? ಇದಕ್ಕೆ ಮಂಗಳೂರಿಗೆ ಹೋಗ್ಬೇಕಿತ್ತಾ?” ಎಂದು ದೊಡ್ಡಪ್ಪ ಅಲ್ಲೇ ತೀರ್ಪು ಕೊಟ್ಟರು. ಸುತ್ತ ನಿಂತವರು ನಕ್ಕರು. ಏಳು ವಾರಗಳ ಶ್ರಮ ಒಂದು ನಗೆಗೆ ಹೋಯಿತು. ಮಾತ್ರೆ ಇನ್ನೂ ನಡೆಯುತ್ತಿದ್ದಾಗಲೇ, ಮೂರು ವಾರದ ಮೇಲೆ ತಂಬಿಲ. ಅಲ್ಲಿ ನಡೆದದ್ದನ್ನು ಆಗಲೇ ಹೇಳಿದೆ.

ಒಮ್ಮೆಗೇ ಮಾತ್ರೆ ನಿಂತದ್ದರಿಂದ ಭಾವ ಹದಿನೈದು ದಿನ ನರಳಿದರು. ವಾಂತಿ, ಭೇದಿ, ಮೈಯೆಲ್ಲ ಮುರಿದ ಹಾಗೆ. ದೊಡ್ಡಪ್ಪ ಬಂದು ನೋಡಿ, “ಒಳಗಿನ ಕಸ ಹೊರಗೆ ಹೋಗ್ತಾ ಉಂಟು. ಇದು ದೈವದ ಕಾರ್ಣಿಕ, ಅದರ ಶಕ್ತಿ” ಎಂದರು. ತಂಗಿ ಡಾಕ್ಟರಿಗೆ ಫೋನು ಮಾಡಿದಳು. ಇವತ್ತೇ ಕರೆದುಕೊಂಡು ಬನ್ನಿ, ಮತ್ತೆ ಶುರು ಮಾಡುವ, ನಾನು ಯಾರಿಗೂ ಬೈಯುದಿಲ್ಲ ಎಂದರು ಆ ಡಾಕ್ಟರು. ಭಾವ ಒಪ್ಪಲಿಲ್ಲ.

“ಮಾತು ಕೊಟ್ಟಾಯ್ತಲ್ಲ ಭಾವ” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಲ್ಲಿಂದಲೇ ನನಗೆ ಹೇಳಿದರು. “ನನಗೆ ಎಂತಾದ್ರೂ ಆಗ್ಲಿ. ಮಾತು ಮುರಿದು ನಾಳೆ ಮಗಳಿಗೆ ಎಂತಾದ್ರೂ ಆದ್ರೆ?”

ಕೊಟ್ಟ ಮಾತನ್ನು ಬಿಡಿಸಿಕೊಳ್ಳುವ ದಾರಿ ನಮ್ಮಲ್ಲೇ ಉಂಟು. ತಪ್ಪು ಕಾಣಿಕೆ ಹಾಕಿ, ಹೀಗೆ ಹೀಗೆ ಆಗಿದೆ, ಮಾತು ಉಳಿಸಿಕೊಳ್ಳಲು ಆಗುವುದಿಲ್ಲ, ಕ್ಷಮಿಸಬೇಕು ಎಂದು ಯಜಮಾನರು ದೈವದ ಎದುರು ಹೇಳಿಕೊಂಡರೆ ಮುಗಿಯಿತು. ಹಿಂದಿನವರು ದಡ್ಡರಲ್ಲ, ಮನುಷ್ಯ ಅವಸರದಲ್ಲಿ ಏನೇನೋ ಮಾತು ಕೊಡುತ್ತಾನೆ ಎಂದು ಗೊತ್ತಿದ್ದೇ ಇದನ್ನು ಇಟ್ಟಿದ್ದಾರೆ. ಆದರೆ ಹೇಳಿಕೊಳ್ಳಬೇಕಾದವರು ಯಜಮಾನರೇ. ನಾನೂ ತಂಗಿಯೂ ಅವರ ಮನೆಗೆ ಹೋಗಿ ಕೇಳಿದೆವು. ಅವರು ಕ್ಯಾಲೆಂಡರ್ ತೋರಿಸಿದರು.

“ಪತ್ತನಾಜೆ ಆಯ್ತಲ್ಲ. ಈಗ ಬಾಗಿಲು ತೆಗೆಯುವ ಕ್ರಮ ಇಲ್ಲ. ದೀಪಾವಳಿ ಬರ್ಲಿ, ಆಗ ನೋಡುವ.”

“ದೀಪಾವಳಿಗೆ ಐದು ತಿಂಗಳು ಉಂಟು ದೊಡ್ಡಪ್ಪ.”

“ಐದು ತಿಂಗಳು ತಡೆದ್ರೆ ಮತ್ತೆ ಆ ಮಾತ್ರೆಯೇ ಬೇಡ ಆಗ್ತದೆ. ನೀನು ಹೆದರಿ ಹೆದರಿ ಅವನನ್ನು ಹಾಳು ಮಾಡುದು.”

ಕ್ರಮವಂತೆ. ಅದೇ ಮಳೆಗಾಲದಲ್ಲಿ, ಜೂನ್ ಮೂರನೆಯ ವಾರ, ಅವರ ತೋಟದ ಗಡಿಕಲ್ಲನ್ನು ಪಕ್ಕದವರು ಒಂದು ಮೀಟರ್ ಸರಿಸಿದ್ದಾರೆ ಎಂಬ ತಕರಾರಿಗೆ ಅದೇ ಗುಡಿಯ ಬಾಗಿಲು ತೆಗೆಸಿ ದೀಪ ಹಚ್ಚಿಸಿ ಪ್ರಾರ್ಥನೆ ಮಾಡಿದ್ದರು. ನನಗೆ ಹೇಗೆ ಗೊತ್ತೆಂದರೆ ಆ ಕಲ್ಲನ್ನು ಅಳೆಯಲು ಹೋದವನು ನಾನೇ. ಕಲ್ಲು ಇದ್ದಲ್ಲೇ ಇತ್ತು. ಒಂದು ಮೀಟರ್ ಮಣ್ಣಿಗೆ ತೆರೆಯುವ ಬಾಗಿಲು ತಮ್ಮನ ಮಗನ ಜೀವಕ್ಕೆ ತೆರೆಯಲಿಲ್ಲ. ಇದನ್ನು ಅವರಿಗೆ ಅಂದೇ ಮುಖಕ್ಕೆ ಹೇಳಬೇಕಿತ್ತು. ನಾನು ಟೇಪು ಸುತ್ತಿಕೊಂಡು ಅವರು ಕೊಟ್ಟ ಚಹಾ ಕುಡಿದು ಬಂದೆ.

ಹದಿನೈದು ದಿನದ ನರಳಾಟ ಮುಗಿದ ಮೇಲೆ ಭಾವ ಎದ್ದರು. ತೂಕ ಇಳಿದಿತ್ತು, ಆದರೆ ನಡೆಯುತ್ತಿದ್ದರು. ಅಷ್ಟು ಸಾಕಾಯಿತು ದೊಡ್ಡಪ್ಪನಿಗೆ. ಮದುವೆ, ಸೀಮಂತ, ಸತ್ತವರ ಉತ್ತರಕ್ರಿಯೆಯ ಬೊಜ್ಜ, ಎಲ್ಲಿ ನಾಲ್ಕು ಕುರ್ಚಿ ಹಾಕಿದ್ದರೂ ಅಲ್ಲಿ ಈ ಕತೆ. “ಮಂಗಳೂರಿನ ಡಾಕ್ಟ್ರಿಗೆ ವರ್ಷ ಬೇಕಂತೆ. ನಮ್ಮಲ್ಲಿ ಒಂದು ಗಂಧದ ಎಲೆ.” ಕೇಳಿದವರು ತಲೆದೂಗುವರು. ಭಾವನನ್ನು ಕರೆದು ಎದುರು ನಿಲ್ಲಿಸುವುದೂ ಇತ್ತು, ಸಂತೆಯಲ್ಲಿ ಹೋರಿ ನಿಲ್ಲಿಸಿದ ಹಾಗೆ. ಅವರ ಬೆನ್ನು ನೋಯುತ್ತಾ ಇತ್ತು. ಫಿಸಿಯೋಥೆರಪಿ ನಿಂತಿತ್ತು, ಸಮಾಲೋಚಕರ ಮಾತೂ ನಿಂತಿತ್ತು, ಏಕೆಂದರೆ ಅವೆಲ್ಲ ಮಂಗಳೂರಿನ ಅದೇ ಕಟ್ಟಡದಲ್ಲಿದ್ದವು. ಗುಣವಾದವನು ಆಸ್ಪತ್ರೆಗೆ ಏಕೆ ಹೋಗಬೇಕು?

ಜುಲೈ ಕೊನೆಗೆ, ಶುಭಕಾರ್ಯಗಳಿಲ್ಲದ ಆಟಿ ತಿಂಗಳ ಒಂದು ಗುರುವಾರ ನನಗೆ ಕಡಬದ ಹತ್ತಿರ ಅಳತೆ ಇತ್ತು. ಆ ಕಡೆಯೇ ರಬ್ಬರ್ ತುಂಬಿಸಲಿಕ್ಕುಂಟು ಎಂದು ಭಾವ ತಮ್ಮ ಪಿಕಪ್‌ನಲ್ಲಿ ನನ್ನನ್ನು ಕರೆದುಕೊಂಡು ಹೋದರು. ಸುತ್ತುದಾರಿ ಹಿಡಿದು ಪುತ್ತೂರಿನಲ್ಲಿ ಐದು ನಿಮಿಷ ನಿಲ್ಲಿಸಿ, ಗಾಡಿಯ ಬಲ್ಬು ತರಬೇಕು ಎಂದು ಇಳಿದರು. ಬಲ್ಬು ತಂದದ್ದು ನಾನು ನೋಡಲಿಲ್ಲ. ಕೇಳಲೂ ಇಲ್ಲ. ಹನ್ನೊಂದೂವರೆಗೆ ನಾನು ಇಳಿದು ಜಾಗಕ್ಕೆ ಹೋದೆ. ಅಳತೆ ಮುಗಿಸಿ ಬರುವಾಗ ಹನ್ನೆರಡೂ ಮುಕ್ಕಾಲು. ಗಾಡಿ ಹೇಳಿದ ಜಾಗದಲ್ಲೇ, ಒಂದು ಕ್ಯಾಂಟೀನಿನ ಎದುರು ನಿಂತಿತ್ತು. ಭಾವ ಸ್ಟಿಯರಿಂಗಿನ ಹಿಂದೆ ತಲೆ ಒರಗಿಸಿ ಮಲಗಿದ್ದರು. ಗೊರಕೆ ಕೇಳುತ್ತಿತ್ತು, ನಿಧಾನವಾದ, ನೀರು ಗುಳುಗುಳು ಎಂದ ಹಾಗಿನ ಗೊರಕೆ. ಸುಸ್ತಾಗಿರಬೇಕು, ಮಲಗಲಿ ಎಂದು ನಾನು ಕ್ಯಾಂಟೀನಿಗೆ ಹೋಗಿ ಚಹಾ ಹೇಳಿದೆ.

ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ನಾನು ಯಾರ ತಲೆಗೂ ಕಟ್ಟುವ ಹಾಗಿಲ್ಲ.

ವಾಪಸು ಬಂದಾಗ ಗೊರಕೆ ಇರಲಿಲ್ಲ. ಬಾಗಿಲು ತೆಗೆದೆ. ತುಟಿ ಮತ್ತು ಉಗುರು ನೀಲಿಯಾಗಿದ್ದವು. ಸೀಟಿನ ಕೆಳಗೆ ಟ್ರಮಡಾಲಿನ ಖಾಲಿ ಸ್ಟ್ರಿಪ್ ಬಿದ್ದಿತ್ತು. ನಾನು ಕೂಗಿದ್ದು ಏನೆಂದು ನೆನಪಿಲ್ಲ; ಪಕ್ಕದ ಆಟೋ ನಿಲ್ದಾಣದಿಂದ ಒಬ್ಬ ಡ್ರೈವರ್ ಓಡಿ ಬಂದ. ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಭಾವನನ್ನು ಎಳೆದು ಆಟೋದಲ್ಲಿ ಅಡ್ಡ ಮಲಗಿಸಿ, “ನೀವು ಎದೆ ತಿಕ್ಕಿ, ಜೋರು ತಿಕ್ಕಿ, ಕರೀತಾ ಇರಿ, ಮಲಗ್ಲಿಕ್ಕೆ ಬಿಡ್ಬೇಡಿ” ಎಂದು ಹೇಳಿ ಆಸ್ಪತ್ರೆಗೆ ಹಾರನ್ ಒತ್ತಿಕೊಂಡೇ ಓಡಿಸಿದ. ನಾನು ಎದೆಯ ಮೂಳೆಯನ್ನು ಮುಷ್ಟಿಯಿಂದ ತಿಕ್ಕಿದೆ. ಎರಡು ಸಲ ಉಸಿರು ಬಂತು. ಆಸ್ಪತ್ರೆಯ ಬಾಗಿಲಲ್ಲಿ ಮೈಯೆಲ್ಲ ಸೆಟೆದು ಅಪಸ್ಮಾರ ಬಂದ ಹಾಗೆ ನಡುಗಿದರು. ಅಲ್ಲಿ ಆಮ್ಲಜನಕ ಕೊಟ್ಟರು, ಅಮಲು ಇಳಿಸುವ ಇಂಜೆಕ್ಷನ್ ಕೊಟ್ಟರು, ಆಂಬುಲೆನ್ಸಿನಲ್ಲಿ ಪುತ್ತೂರಿಗೆ ಕಳಿಸಿದರು. ಮೂರು ದಿನ ಐಸಿಯು.

ಪುತ್ತೂರಿನ ಡಾಕ್ಟರು ಸ್ಟ್ರಿಪ್ ನೋಡಿ ನನಗೆ ಹೇಳಿದ್ದು ಇಷ್ಟು. ಮೊದಲು ದಿನಾ ತೆಗೆದುಕೊಳ್ಳುತ್ತಿದ್ದಾಗ ಇವರ ದೇಹ ಅಷ್ಟನ್ನು ತಾಳುತ್ತಿತ್ತು. ಎರಡು ತಿಂಗಳಿಗೂ ಹೆಚ್ಚು ಏನೂ ಇಲ್ಲದೆ ಇದ್ದದ್ದರಿಂದ ಆ ತಾಳಿಕೆ ಹೋಗಿದೆ. ಆಸೆ ಮಾತ್ರ ಹೋಗಿಲ್ಲ. ಹಳೆಯ ಲೆಕ್ಕದಲ್ಲೇ ನುಂಗಿದ್ದಾರೆ. ಚಿಕಿತ್ಸೆಯ ಮಾತ್ರೆ ನಡೆಯುತ್ತಿದ್ದಿದ್ದರೆ ಹೀಗಾಗುವ ಸಂಭವ ಬಹಳ ಕಡಿಮೆ ಇತ್ತು. “ಅದನ್ನು ಯಾಕೆ ನಿಲ್ಲಿಸಿದ್ದು?” ಎಂದು ಕೇಳಿದರು. ನಾನು ಹೇಳಿದೆ. ಅವರು ಪೆನ್ನನ್ನು ಮೇಜಿನ ಮೇಲೆ ಇಟ್ಟರು.

ದೊಡ್ಡಪ್ಪ ಎರಡನೆಯ ದಿನ ಬಂದರು, ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು. ಗಾಜಿನ ಬಾಗಿಲಲ್ಲಿ ಇಣುಕಿ ನೋಡಿ, ಕಾರಿಡಾರಿನಲ್ಲಿದ್ದ ಐದಾರು ಜನ ನೆಂಟರ ಮಧ್ಯೆ ನಿಂತು, “ಮಾತು ಮೀರಿದ್ದಕ್ಕೆ ದೈವ ತೋರಿಸಿಕೊಟ್ಟಿತು. ಆದ್ರೂ ಜೀವ ಉಳಿಸಿತು” ಎಂದರು. ಬಿದ್ದದ್ದೂ ಅವರಿಗೆ ಸಾಕ್ಷಿ, ಉಳಿದದ್ದೂ ಅವರಿಗೆ ಸಾಕ್ಷಿ. ಇಂತಹವರ ಎದುರು ಸತ್ತರೂ ಅದು ಅವರ ಮಾತನ್ನೇ ನಿಜ ಮಾಡುತ್ತದೆ. ಉಳಿಸಿದ ಆಟೋದವನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಅವನು ಬಾಡಿಗೆಯನ್ನೂ ತೆಗೆದುಕೊಳ್ಳದೆ ಹೋಗಿದ್ದ.

ಭಾವನನ್ನು ಬಿಡುಗಡೆ ಮಾಡುವ ಮೊದಲು ಮಂಗಳೂರಿನ ಡಾಕ್ಟರ ಜೊತೆ ಮಾತಾಡಿ, ಅಲ್ಲಿಗೇ ಕರೆದೊಯ್ದು ಮಾತ್ರೆ ಮತ್ತೆ ಶುರು ಮಾಡಿಸಬೇಕೆಂದು ತಂಗಿ ನಿರ್ಧರಿಸಿದಳು. ಅಲ್ಲಿ ದಾಖಲಾದ ನಾಲ್ಕು ದಿನ ಭಾವ ನರ್ಸಿನ ಕೈಯಿಂದ ತೆಗೆದುಕೊಂಡರು. ಆಸ್ಪತ್ರೆಯಲ್ಲಿ ಧೈರ್ಯ ಇತ್ತು. ಊರಿಗೆ ಬಂದ ಮರುದಿನ ಬೆಳಗ್ಗೆ ಆ ಧೈರ್ಯ ಇರಲಿಲ್ಲ.

ಅಂದು ಭಾನುವಾರ. ನಾನು ಎಂಟು ಗಂಟೆಗೆ ತಂಗಿಯ ಮನೆಗೆ ತಲುಪಿದಾಗ ದೊಡ್ಡಪ್ಪನೂ ದೊಡ್ಡಮ್ಮನೂ ಆಗಲೇ ಜಗಲಿಯ ಬೆಂಚಿನಲ್ಲಿ ಕುಳಿತಿದ್ದರು. ಮೆಡಿಕಲ್ ಸಾಹೇಬರು ಭಾವನನ್ನು ನೋಡಲೆಂದು ನೇಂದ್ರ ಬಾಳೆಹಣ್ಣು ತಂದು ಮೆಟ್ಟಿಲಲ್ಲಿ ನಿಂತಿದ್ದರು. ಭಾವ ಕುರ್ಚಿಯಲ್ಲಿದ್ದರು. ತಂಗಿ ಒಳಗಿನಿಂದ ಮಾತ್ರೆ ತಂದಳು. ಭಾವ ದೊಡ್ಡಪ್ಪನ ಮುಖ ನೋಡಿದರು. ಕೈ ಚಾಚಲಿಲ್ಲ.

“ದೀಪಾವಳಿಗೆ ಇನ್ನು ಎಷ್ಟು ದಿನ ಉಂಟು? ಎರಡೂವರೆ ತಿಂಗಳು” ಎಂದರು ದೊಡ್ಡಪ್ಪ. “ಇಷ್ಟು ತಡೆದವನಿಗೆ ಅಷ್ಟು ತಡೆಯುದು ದೊಡ್ಡದಾ?”

“ದೀಪಾವಳಿವರೆಗೆ ಇವರು ಇರ್ತಾರೆ ಅಂತ ನೀವು ಬರೆದುಕೊಡ್ತೀರಾ ದೊಡ್ಡಪ್ಪ?” ತಂಗಿ ಕೇಳಿದಳು. ಅವಳ ದನಿ ಏರಲಿಲ್ಲ. “ಅಣ್ಣ ಇದ್ದಾರೆ, ಸಾಹೇಬ್ರು ಇದ್ದಾರೆ, ಸಾಕ್ಷಿ ಹಾಕ್ತಾರೆ. ಕಾಗದ ತರ್ಲಾ?”

“ನನ್ನ ಹತ್ರ ಕಾಗದ ಕೇಳ್ತೀಯಾ? ಮಾತು ಕೊಟ್ಟದ್ದು ದೈವಕ್ಕೆ.”

“ಕೊಟ್ಟದ್ದು ದೈವಕ್ಕೆ, ಹೌದು. ಮದ್ದು ಬೇಡ ಅಂತ ದೈವ ಯಾವತ್ತು ಹೇಳಿತು? ಹೇಳಿಕೊಟ್ಟದ್ದು ನೀವು.”

ದೊಡ್ಡಪ್ಪ ಎದ್ದು ನಿಂತರು. ಸಾಹೇಬರು ಬಾಳೆಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಅಂಗಳ ನೋಡಿದರು. ಆಗ ದೊಡ್ಡಮ್ಮ ಮಾತಾಡಿದರು. ನಲವತ್ತು ವರ್ಷದಲ್ಲಿ ಅವರು ಗಂಡನ ಮಾತಿಗೆ ಎದುರು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

“ನಿಮ್ಮ ಮಂಡಿಗೆ ಪುತ್ತೂರಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುವಾಗ ದೈವದ ಹತ್ರ ಕೇಳಿದ್ರಾ? ಅದೂ ಆಟಿಯಲ್ಲೇ ಅಲ್ವಾ? ಕೂತ್ಕೊಳ್ಳಿ ಸುಮ್ನೆ.”

ದೊಡ್ಡಪ್ಪ ಕುಳಿತರು. ಒಪ್ಪಿ ಕುಳಿತದ್ದಲ್ಲ, ಏನು ಮಾಡಬೇಕೆಂದು ತಿಳಿಯದೆ ಕುಳಿತದ್ದು.

“ಬಾಯಿ ತೆಗೆ ಮಗ” ಎಂದರು ದೊಡ್ಡಮ್ಮ ಭಾವನಿಗೆ. “ತಪ್ಪು ಕಾಣಿಕೆ ನಾನು ಹಾಕ್ತೇನೆ. ನನಗೆ ವಯಸ್ಸಾಯ್ತು, ದೋಷ ಬರುದಿದ್ರೆ ನನಗೇ ಬರ್ಲಿ.”

ಭಾವ ಬಾಯಿ ತೆಗೆದರು, ನಾಲಗೆ ಎತ್ತಿದರು. ತಂಗಿ ಬೆರಳಿನಿಂದ ಮಾತ್ರೆಯನ್ನು ಅಡಿಗೆ ಇಟ್ಟಳು. ಗಂಟೆ ಎಂಟು ಕಳೆದು ಹನ್ನೆರಡು ನಿಮಿಷ. ಅದು ಕರಗುವವರೆಗೆ ನಾವು ಯಾರೂ ಮಾತಾಡಲಿಲ್ಲ, ನಮ್ಮ ಬಾಯಲ್ಲೂ ಒಂದೊಂದು ಇದ್ದ ಹಾಗೆ.

ಈಗ ಮೂರು ವರ್ಷವಾಯಿತು. ನಡುವೆ ಒಂದು ಸಲ ಭಾವ ಜಾರಿದರು. ತಾವಾಗಿಯೇ ತಂಗಿಗೆ ಹೇಳಿದರು, ಮರುದಿನವೇ ಇಬ್ಬರೂ ಮಂಗಳೂರಿಗೆ ಹೋದರು. ಡಾಕ್ಟರು ಮಾತ್ರೆಯ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ಯಾವಾಗ ನಿಲ್ಲಿಸುವುದು ಎಂದು ನೆಂಟರು ಇನ್ನೂ ಕೇಳುತ್ತಾರೆ. ಕೇಳಲಿ, ಅವರಿಗೆ ಬೇರೆ ಕೆಲಸ ಏನಿದೆ. ಆ ದೀಪಾವಳಿಗೆ ಗುಡಿಯ ಬಾಗಿಲು ತೆಗೆದಾಗ ದೊಡ್ಡಪ್ಪ, “ತಿಳಿಯದೆ ಆದ ತಪ್ಪನ್ನು ಮನ್ನಿಸಬೇಕು” ಎಂದು ಪ್ರಾರ್ಥಿಸಿದರಂತೆ. ಯಾರು ತಿಳಿಯದೆ ಮಾಡಿದ್ದು ಎಂದು ಹೇಳಲಿಲ್ಲವಂತೆ.

ಆ ಭಾನುವಾರ ಬೆಳಗ್ಗೆ ಜಗಲಿಯಲ್ಲಿ ಅದನ್ನು ಕಂಡವರಲ್ಲಿ ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಮಿಕ್ಕವರು ಬದುಕಿದ್ದೇವೆ. ದೊಡ್ಡಪ್ಪ ಇದ್ದಾರೆ, ಕೇಳಿದರೆ ಅಂದು ತಾವೇ ಒಪ್ಪಿಗೆ ಕೊಟ್ಟದ್ದು ಎನ್ನುತ್ತಾರೆ. ಮೆಡಿಕಲ್ ಸಾಹೇಬರು ಇದ್ದಾರೆ, ಅಂಗಡಿ ಮಗನಿಗೆ ಬಿಟ್ಟುಕೊಟ್ಟು ಮಧ್ಯಾಹ್ನದವರೆಗೆ ಕೌಂಟರಿನ ಮೂಲೆಯಲ್ಲಿ ಕೂರುತ್ತಾರೆ. ಅವರನ್ನು ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರೆ. ತಂಗಿ ಇದ್ದಾಳೆ. ಭಾವ ಇದ್ದಾರೆ.